ಮಡಿ ಫಂಡು

ನೆಲ್ಸನ್ ಎಂಬ ಪರದೇಶದ ಬಂದರು ಊರಿನಲ್ಲಿದ್ದಾಗ ಒಮ್ಮೆ ನಿವೃತ್ತಿಯ ಉಳಿತಾಯಕ್ಕೆ ಸೇರುವ ಫಾರ್ಮ್ ಮನೆಗೆ ಬಂತು. ನಮ್ಮ ಹಣವನ್ನು ಎಂಥ ಕಂಪನಿಗಳಲ್ಲಿ ಹೂಡಬಾರದೆಂದು ನಾವೇ ಹೇಳಬಹುದಿತ್ತು. ಸಿಗರೇಟು, ಹೆಂಡ, ಜೂಜು, ಬಂದೂಕು ಎಲ್ಲಕ್ಕೂ ಗುರುತು ಹಾಕಿದೆ. ಅಷ್ಟಕ್ಕೇ ಸಮಾಧಾನವಾಗದೆ, ಕೆಳಗಿನ ಖಾಲಿ ಜಾಗದಲ್ಲಿ ‘ಮಾಂಸ, ಮೀನು ಕೂಡದು’ ಎಂದು ಬರೆದು ಅದರಡಿ ಗೆರೆ ಎಳೆದೆ.

ಚಪಾತಿ ಲಟ್ಟಿಸುತ್ತಿದ್ದ ನನ್ನ ಹೆಂಡತಿ ಕೇಳಿದಳು, “ಉಣ್ಣಿ ಕಂಪನಿ?”

“ಉಣ್ಣಿ ಕತ್ತರಿಸಿದ್ರ ಕುರಿ ಸಾಯಂಗಿಲ್ಲ.”

“ಹಾಲಿಂದು?”

“ಮಜ್ಜಿಗಿ ಇಲ್ದ ಉಣ್ತಿ ಏನು?” ಎಂದು ರೇಗಿದೆ. ನನಗೆ ಬೇಕಾದದ್ದೆಲ್ಲ ಹೇಗೋ ಧರ್ಮದೊಳಗೇ ಉಳಿಯುತ್ತಿತ್ತು.

ಪುಟ ತಿರುಗಿಸಿದರೆ, ಕೆಲಸ ಕೊಟ್ಟವರ ಹೆಸರು ಬರೆಯಬೇಕಿತ್ತು. ನನ್ನ ಸಂಬಳದಿಂದ ಹಣ ಹಿಡಿದು, ತಮ್ಮದೂ ಒಂದಿಷ್ಟು ಸೇರಿಸಿ ಕಳಿಸುವವರು ಅವರೇ. ನಾನು ಬಂದರಿನ ಮೀನಿನ ಕಾರ್ಖಾನೆಯಲ್ಲಿ ಎಂಜಿನಿಯರ್; ಹಿಡಿದ ಮೀನು ಕೆಡದಂತೆ ತಂಪು ಕೋಣೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಾರ್ಖಾನೆಯ ಹೆಸರನ್ನು ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಬರೆದೆ.

ಹೆಂಡತಿ ಹಿಟ್ಟಿನ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು.

“ದಪ್ಪ ಬರೀರಿ,” ಎಂದಳು. “ನಿಮ್ಮ ಮಡಿ ಫಂಡಿಗೆ ರೊಕ್ಕ ಬರೋದು ಆ ಮೀನಿಂದನ ಅಲ್ಲೇನು?”