ನೀರು ಕುಡಿದ ಗಂಟು

ಕೊಡಗಿನ ಬಿಟ್ಟಂಗಾಲಕ್ಕೆ ಬಂದ ಹೊಸತರಲ್ಲಿ ಕಂಡ ಹುಚ್ಚಾಟ ಇದು: ದೊಡ್ಡ ಗಾಳಿ ಬರುತ್ತದೆ ಎಂದು ಸುದ್ದಿಯಾದ ಕೂಡಲೇ ಜನ ಕದ ಭದ್ರಪಡಿಸಲಿಲ್ಲ, ಮರ ಹತ್ತಿ ಕೊಂಬೆ ಕಡಿಯತೊಡಗಿದರು. ನಮ್ಮ ವಿಜಯಪುರದ ಕಡೆ ಬೀಳಲು ಅಷ್ಟು ಮರಗಳಾದರೂ ಎಲ್ಲಿವೆ? ದೂಳೆದ್ದರೆ ಕದ ಹಾಕುತ್ತೇವೆ, ತಗಡಿನ ಮೇಲೆ ಕಲ್ಲು ಹೇರುತ್ತೇವೆ, ಕುದುರೆಯ ಹಿಂಗಾಲಿಗೂ ಹಗ್ಗ ಬಿಗಿಯುತ್ತೇವೆ. ಮುಗಿಯಿತು.

ಅಪ್ಪ ಟಾಂಗಾ ಹೊಡೆಯುತ್ತಿದ್ದ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಲಾಯ ಸೇರಿದವಳು. ಟಾಂಗಾ ಹತ್ತುವವರು ಕಡಿಮೆಯಾದಾಗ ತಮ್ಮ ಸಿದ್ದನನ್ನು ಕರೆದುಕೊಂಡು ಈ ಎಸ್ಟೇಟಿಗೆ ಬಂದೆ. ಮಾಲೀಕರ ಮೂರು ಕುದುರೆ ನೋಡಿಕೊಳ್ಳುವ ಕೆಲಸ. ರಜೆಗೆ ಬರುವ ಅತಿಥಿಗಳು ಅವುಗಳ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ, ಇಳಿದವರೇ ಮೂಗು ಮುಚ್ಚಿಕೊಳ್ಳುತ್ತಾರೆ. ಥೂ! ಮೂರು ಹೊತ್ತೂ ಅಕ್ಕಿ ತಿಂದು ಮಳೆಯನ್ನೇ ಮಾತಾಡುವ ಊರವರ ಮೇಲೂ ನನಗೆ ಅಷ್ಟೇ ತಾತ್ಸಾರ.

ಆ ದಿನ ಎಸ್ಟೇಟಿನ ಆಳುಗಳಿರುವ ಲೈನಿನ ಮನೆಗಳವರು ಸೌದೆ ಒಳಗೆ ಹಾಕುತ್ತಿದ್ದರು, ಮೇಣದಬತ್ತಿ ತರುತ್ತಿದ್ದರು, ಮೊಬೈಲು ಚಾರ್ಜಿಗಿಡುತ್ತಿದ್ದರು. “ಯುದ್ಧಕ್ಕ ಹೊಂಟಾರೇನು?” ಎಂದು ನಕ್ಕೆ. ಮಧ್ಯಾಹ್ನ ರೈಟರ್ ಪೂವಯ್ಯ ಬಂದರು. ರೈಟರ್ ಅಂದರೆ ಇಲ್ಲಿ ಆಳುಗಳ ಹಾಜರಿ ಬರೆಯುವವರು.

“ಅಮ್ಮಾ, ಕುದುರೆಗಳನ್ನ ಕಟ್ಟಬೇಡಿ. ಕೆಳಗಿನ ಗದ್ದೆಗೆ ಬಿಟ್ಟುಬಿಡಿ. ಲಾಯದ ಹಿಂದೆ ಸಿಲ್ವರ್ ಮರ ಉಂಟಲ್ಲ, ಮೊದಲು ಬೀಳೋದು ಅದೇ.”

“ಬಯಲಾಗ ನೆನೀಲಿಕ್ಕೆ ಅವೇನು ನಿಮ್ಮ ಕಾಫಿ ಗಿಡಾನ್ರೀ?”

ಸಿದ್ದ ನನ್ನ ಸೆರಗೆಳೆದ. “ಅಕ್ಕಾ, ಅವರ ಊರು, ಅವರ ಮಳಿ. ಒಂದ್ ಮಾತು ಕೇಳೂಣಲ್ಲ.”

“ಅನ್ನ ತಿಂದು ತಿಂದು ಮೆತ್ತಗಾಗೀಯಲೇ. ಅಪ್ಪ ಕಲಿಸಿದ್ದು ಮರತ್ಯೇನು?”

ನಾನೇ ನೂಲಿನ ಹಗ್ಗದಿಂದ ಮೂರರ ಕಾಲೂ ಬಿಗಿದೆ. ಎಳೆದರೆ ಬಿಚ್ಚುವ ಅಪ್ಪನ ಗಂಟು.

ಸಂಜೆಗೆ ಮಳೆ ಅಡ್ಡಡ್ಡ ಹೊಡೆದು ಲಾಯವೆಲ್ಲ ನೀರಾಯಿತು. ಹಿಂದಿನ ಮರ ಲಟಲಟ ಅಂದಾಗ ಇಬ್ಬರೂ ಓಡಿದೆವು. ಗಂಟು ಎಳೆದೆ, ಜಾರಲಿಲ್ಲ. ನೀರು ಕುಡಿದು ಕಲ್ಲಾಗಿತ್ತು. ನಾನು ಕುಡುಗೋಲು ತರಲು ಮನೆಗೆ ಓಡಿದೆ. ಅಷ್ಟರಲ್ಲಿ ಸಿದ್ದ ಹಲ್ಲಿನಿಂದ ಕಚ್ಚಿ ಎರಡನ್ನು ಬಿಡಿಸಿದ್ದ. ಮೂರನೆಯದರ ಗಂಟಿನಲ್ಲಿ ಅವನ ಕೈ ಇರುವಾಗಲೇ ಮರ ಮಾಡಿನ ಮೇಲೆ ಬಿತ್ತು. ಕುಡುಗೋಲು ಹಿಡಿದು ಬಂದವಳು ಹಗ್ಗ ಕಡಿದು ಕುದುರೆ ಬಿಡಿಸಿದೆ. ತೊಲೆ ಎತ್ತಿ ಅವನನ್ನು ಹೊರಗೆಳೆದವರು ಪೂವಯ್ಯ ಮತ್ತು ಲೈನಿನ ಜನ, ನಾನು ನಕ್ಕಿದ್ದ ಅದೇ ಜನ.

ಅವನ ಎಡಗೈ ಬೆರಳುಗಳು ಈಗ ಮಡಚುವುದಿಲ್ಲ. ಗಾಳಿಯಿಂದ ಹಾಗಾಯಿತು ಎಂದು ಊರಿಗೆಲ್ಲ ಹೇಳಿದ್ದೇನೆ. ಸಿದ್ದ ಎಂದೂ ಎದುರಾಡಲಿಲ್ಲ. ಗಾಳಿಯಲ್ಲ, ಓದುವವರೇ, ನನ್ನ ಸೊಕ್ಕು.

“ತಿರುಗಿ ಬರ್ರಿ” ಎಂದು ಅವ್ವ ಫೋನಿನಲ್ಲಿ ಅಳುತ್ತಾಳೆ. ಹೋಗಿ ಏನು ಮಾಡಲಿ? ಟಾಂಗಾದ ಲಗಾಮಿಗೆ ಎರಡು ಕೈ ಬೇಕು. ಇಲ್ಲೇ ಇರೋಣವೆಂದರೆ ಪೂವಯ್ಯ ಎದುರಾದಾಗ ದಾರಿ ಬದಲಿಸುತ್ತೇನೆ. ಸಿದ್ದನಿಗೆ ಆ ಸಂಕಟವಿಲ್ಲ. ನಿನ್ನೆ ಊರಿನಿಂದ ಬಂದ ಒಣ ಜೋಳದ ಕಟಕ್ ರೊಟ್ಟಿ ಮುಂದಿಟ್ಟೆ. ಒಂದೇ ಕೈಯಲ್ಲಿ ಮುರಿಯಲು ಹೋಗಿ ತಟ್ಟೆಯಾಚೆ ಹಾರಿಸಿಕೊಂಡ.

“ಇದು ಬ್ಯಾಡಕ್ಕಾ. ಇವರು ಅಕ್ಕಿತರಿ ಉಂಡಿ ಮಾಡ್ತಾರಲ್ಲ, ಕಡಂಬುಟ್ಟು, ಅದನ್ನ ಕಲಿ. ಒಂದು ಕೈ ಸಾಕು.”

ಯಾರ ಹತ್ತಿರ ಕಲಿಯಲಿ? ಪೂವಯ್ಯನ ಹೆಂಡತಿಯ ಅಡುಗೆಮನೆ ಬಾಗಿಲಲ್ಲಿ ಇವತ್ತು ಬಹಳ ಹೊತ್ತು ನಿಂತಿದ್ದೆ. ಆಕೆ ನನಗೆಂದು ಒಲೆ ಪಕ್ಕ ಮಣೆ ಸರಿಸಿದಳು.