ಎಡಗಡೆಯ ಗಂಟು

ಗಂಡನ ಮನೆಯ ಕಸುಬು ಏನೆಂದು ಮದುವೆಗೆ ಮೊದಲು ಬಣ್ಣದಕ್ಕನಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ‘ಕಾಲೇಜುಗಳಿಗೆ ಮಾದರಿ ಮಾಡಿಕೊಡುತ್ತಾರೆ’ ಎಂದಿದ್ದರು, ಅಷ್ಟೆ. ಬಂದು ನೋಡಿದರೆ ಮನೆಯ ಹಿಂದಿನ ಉದ್ದನೆಯ ಕೋಣೆಯ ತುಂಬ ಪ್ಲಾಸ್ಟರಿನ ಹೃದಯ, ಮೂತ್ರಪಿಂಡ, ಸೀಳಿದ ಕಿವಿ. ಕಿಟಕಿಯ ಪಕ್ಕದ ಹಲಗೆಯ ಮೇಲೆ ಒಣಗಲು ಸಾಲಾಗಿ ಇಟ್ಟಿದ್ದು ಗಂಡಸಿನ ಜನನಾಂಗ, ಒಂದಲ್ಲ ಎರಡಲ್ಲ, ಹನ್ನೆರಡು! ಮದುಮಗಳು ಮುಖ ಮುಚ್ಚಿಕೊಂಡು ಹೊರಗೆ ಓಡಿದಳು.

ಅತ್ತೆ ಬಿಡಬೇಕಲ್ಲ? ಕೈ ಹಿಡಿದು ಎಳೆದುಕೊಂಡು ಬಂದರು. “ಇದೇನೇ ಹುಡುಗಿ, ಅನ್ನ ಕೊಡೋದನ್ನ ನೋಡಿ ಓಡ್ತೀಯಾ? ನಾಚಿಕೆ ಪಟ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ? ಹಿಡಿ ಕುಂಚ.”

ಆ ಮನೆಯಲ್ಲಿ ಗಂಡಸರು ಎರಕ ಹೊಯ್ಯುವುದು, ಹೆಂಗಸರು ಬಣ್ಣ ಹಚ್ಚುವುದು. ವೃಷಣಕ್ಕೆ ಕೆನೆಬಣ್ಣ. ಅದರ ಬೆನ್ನಿಗೆ ಅಂಟಿಕೊಂಡ ಸುರುಳಿ ನಾಳ ಎಪಿಡಿಡಿಮಿಸಿಗೆ ತಿಳಿಹಳದಿ. ಅಲ್ಲಿಂದ ಹೊರಡುವ ವೀರ್ಯನಾಳಕ್ಕೆ ನೀಲಿ. ಆ ನಾಳ ಮೇಲಕ್ಕೇರಿ, ಮೂತ್ರಕೋಶದ ಹಿಂದಕ್ಕೆ ಹೋಗಿ, ಕೊನೆಗೆ ಪ್ರಾಸ್ಟೇಟ್ ಗ್ರಂಥಿಯೊಳಕ್ಕೆ ಇಳಿಯುತ್ತದೆ. “ಪಕ್ಕದ ಮನೆಗೆ ಹೋಗೋಕೆ ಊರೆಲ್ಲ ಸುತ್ತಿದ ಹಾಗೆ!” ಎಂದು ಸೊಸೆ ನಕ್ಕಾಗ, ನಾಚಿಕೆ ಅಲ್ಲಿಗೆ ಮುಗಿಯಿತೆಂದು ಅತ್ತೆಗೆ ಸಮಾಧಾನವಾಯಿತು. ಅತ್ತೆಯ ಇನ್ನೊಂದು ಪಾಠ: “ಎರಡೂ ಸಮ ಇದ್ರೆ ಬೊಂಬೆ ಅನ್ನಿಸುತ್ತೆ. ಎಡಗಡೇದು ಚೂರು ಕೆಳಗಿದ್ರೆ ಮನುಷ್ಯ ಅನ್ನಿಸುತ್ತೆ.”

ತಿಂಗಳು ತುಂಬುವಷ್ಟರಲ್ಲಿ ಈ ಹೆಸರುಗಳೆಲ್ಲ ತರಕಾರಿಯ ಹೆಸರಿನಷ್ಟು ಸಲೀಸಾಗಿ ಅವಳ ಬಾಯಲ್ಲಿ ಬರತೊಡಗಿದವು. ಬೀದಿಯ ಹೆಂಗಸರು ಸುಮ್ಮನಿರುತ್ತಾರೆಯೇ?

“ಏನು ಬಣ್ಣದಕ್ಕ, ಇವತ್ತು ಎಷ್ಟು ಗಂಡಸರು ಒಣಗಿದ್ರು?”

“ನಿಮ್ಮ ಮನೆಯವ್ರನ್ನೂ ಕಳಿಸ್ರೇ, ಒಂದು ಕೈ ಬಣ್ಣ ಹೊಡೆದು ಕೊಡ್ತೀನಿ!”

ಹೀಗೆ ಇಪ್ಪತ್ತು ವರ್ಷ ಕಳೆಯಿತು. ಅತ್ತೆ ಮಾವ ತೀರಿಕೊಂಡರು. ಉಳಿದವರು ಗಂಡ ಹೆಂಡತಿ ಇಬ್ಬರೇ. ಆರು ವರ್ಷದ ಹಿಂದೆ ಮಾವನ ಕಾಲದ ಅಚ್ಚು ಕೈಜಾರಿ ಎರಡು ಹೋಳಾದಾಗ ಗಂಡ ಹೊಸ ಅಚ್ಚು ಮಾಡಿದ. ಅವಸರದಲ್ಲಿ ಅಚ್ಚಿನ ಒಳಮೈಯಲ್ಲಿ ಒಂದು ಗಾಳಿಗುಳ್ಳೆ ಕೂತುಬಿಟ್ಟಿತು. ಅಚ್ಚಿನಲ್ಲಿ ಕುಳಿಯಿದ್ದರೆ ಎರಕದಲ್ಲಿ ಗುಬುಟು ಏಳುತ್ತದೆ. ಎಡ ವೃಷಣದ ಮುಂಭಾಗದಲ್ಲಿ ಬಟಾಣಿ ಕಾಳಿನಷ್ಟು ಗುಬುಟು. ಮೊದಮೊದಲು ಅವನು ಅದನ್ನು ಅರದಿಂದ ಉಜ್ಜುತ್ತಿದ್ದ. ಆಮೇಲೆ ಬೇಸರವಾಗಿ ಬಿಟ್ಟ. ಅವಳೂ ಅದರ ಮೇಲೊಂದು ಕೆಂಪು ರಕ್ತನಾಳ ಎಳೆದು ಮುಚ್ಚಿದಳು. ಯಾವ ಕಾಲೇಜಿನವರೂ ಕೇಳಲಿಲ್ಲ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದು ಗಾಳಿಗುಳ್ಳೆಯ ಗುರುತೆನ್ನುವುದನ್ನೇ ಇಬ್ಬರೂ ಮರೆತರು. ನಂಬುವುದು ಕಷ್ಟ. ಆದರೆ ದಿನಾ ಕಣ್ಣೆದುರಿಗೆ ಇರುವುದನ್ನು ಯಾರು ತಾನೇ ನೋಡುತ್ತಾರೆ?

ಒಂದು ದಿನ ಬೆಳಿಗ್ಗೆ ಮಾದರಿಗಳ ಪೆಟ್ಟಿಗೆಯೊಂದು ವಾಪಸು ಬಂತು. ಒಳಗೆ ಕಾಲೇಜಿಗೆ ಹೊಸದಾಗಿ ಸೇರಿದ್ದ ಮೇಡಮ್ಮನ ಚೀಟಿ. ಬಣ್ಣದಕ್ಕ ಅದನ್ನು ಓದಿ ಬಿದ್ದು ಬಿದ್ದು ನಕ್ಕಳು.

“ರೀ, ಕೇಳಿ ಇಲ್ಲಿ! ಎಡ ವೃಷಣದ ಮುಂದೆ ಒಂದು ಗಂಟಿದೆಯಂತೆ. ಆರೋಗ್ಯವಂತನಿಗೆ ಅಲ್ಲಿ ನುಣುಪಾಗಿರಬೇಕು, ಈ ಗಂಟು ಎಲ್ಲಿಂದ ಬಂತು ಅಂತ ಕೇಳಿದ್ದಾರೆ. ಈಗ ನೆನಪಾಯ್ತು, ನಿಮ್ಮ ಗಾಳಿಗುಳ್ಳೆ ಕಣ್ರೀ ಅದು! ಮರ್ಯಾದೆ ಹೋಯ್ತು ನೋಡಿ.”

ಗಂಡ ನಗಲಿಲ್ಲ. ಕಲಸುತ್ತಿದ್ದ ಪ್ಲಾಸ್ಟರು ಬೋಗುಣಿಯಲ್ಲೇ ಗಟ್ಟಿಯಾಗುತ್ತಿತ್ತು, ಅವನಿಗೆ ಅದರ ಪರಿವೆಯಿಲ್ಲ.

“ಅದು ಎಲ್ಲರಿಗೂ ಇರಲ್ವಾ?”

“ಎಲ್ಲಿಂದ ಇರುತ್ತೆ?”

“ನನಗಿದೆಯಲ್ಲೇ,” ಎಂದ. “ಎಂಟು ತಿಂಗಳಾಯ್ತು. ನೋವಿಲ್ಲ. ಮಾದರೀಲಿ ಇರೋದೇ ಅಲ್ವಾ ಅಂದ್ಕೊಂಡು ಸುಮ್ನಿದ್ದೆ.”

ಅವಳು ಚೀಟಿಯನ್ನು ಮಡಿಸಿಟ್ಟು, ಕೈಯ ಬಣ್ಣವನ್ನೂ ತೊಳೆಯದೆ ಅವನನ್ನು ಆಸ್ಪತ್ರೆಗೆ ಹೊರಡಿಸಿದಳು.

ಡಾಕ್ಟರು ಕೈಯಿಂದ ಮುಟ್ಟಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ರಕ್ತ ತೆಗೆಸಿದರು. ಗಡ್ಡೆ, ಕ್ಯಾನ್ಸರ್ ಇರುವ ಸಾಧ್ಯತೆಯೇ ಹೆಚ್ಚು, ಆ ವೃಷಣವನ್ನು ಬೇಗ ತೆಗೆಯಬೇಕು ಎಂದರು. ಗಂಡ ತಲೆಯಾಡಿಸಿ ಮನೆಗೆ ಬಂದವನು ಮೂರು ದಿನ ಮೀನಮೇಷ ಎಣಿಸುತ್ತ ಕೂತ. ನಾಲ್ಕನೆಯ ದಿನ ಬಾಯಿಬಿಟ್ಟ.

“ಅರ್ಧ ಗಂಡಸಾಗಿ ಬದುಕೋಕಿಂತ ಹೀಗೇ ಇದ್ಬಿಡ್ತೀನಿ.”

ಬಣ್ಣದಕ್ಕನಿಗೆ ಎಲ್ಲಿತ್ತೋ ಸಿಟ್ಟು. “ಇಪ್ಪತ್ತು ವರ್ಷದಿಂದ ಅದಕ್ಕೆ ಬಣ್ಣ ಬಳೀತಿದ್ದೀನಿ. ಅದರಲ್ಲಿ ಏನಿದೆ ಅಂತ ನನಗೆ ಹೇಳೋಕೆ ಬರ್ಬೇಡಿ! ಬೀಜ ಆಗೋದು ಅಲ್ಲಿ, ಗಂಡಸುತನದ ರಸ ಊರೋದೂ ಅಲ್ಲೇ. ಒಂದು ಹೋದ್ರೆ ಇನ್ನೊಂದು ಸಾಕಾಗುತ್ತೆ ಅಂತ ಡಾಕ್ಟ್ರೇ ಹೇಳಿದ್ರಲ್ಲ? ನೀವು ಹೋದ್ರೆ ನನಗೆ ಇನ್ಯಾರಿದ್ದಾರೆ?” ಅಷ್ಟು ಹೇಳುವಷ್ಟರಲ್ಲಿ ಸಿಟ್ಟು ಇಳಿದು ಅಳು ಬಂತು. “ನನಗೆ ಭಯ ಆಗ್ತಿದೆ ರೀ. ನೀವು ಬೇಕು ನನಗೆ.”

ಮರುದಿನವೇ ಅವನು ಆಸ್ಪತ್ರೆಗೆ ಸೇರಿದ. ತೊಡೆಯ ಸಂದಿನ ಮೇಲುಗಡೆ ಬೆರಳುದ್ದದ ಗಾಯ, ಅಲ್ಲಿಂದಲೇ ಹೊರತೆಗೆದರು. ಗಡ್ಡೆ ಕ್ಯಾನ್ಸರೇ, ಆದರೆ ಬೇರೆಲ್ಲಿಗೂ ಹರಡಿಲ್ಲ, ತಪ್ಪದೆ ತಪಾಸಣೆಗೆ ಬರುತ್ತಿರಿ ಎಂದರು.

ಗಾಯ ಮಾಯುತ್ತ ಬಂದಾಗ ಅವಳಿಗೆ ಇನ್ನೊಂದು ಚಿಂತೆ ಹತ್ತಿತು. ಆರು ವರ್ಷದಲ್ಲಿ ಆ ಗುಬುಟಿನ ಮಾದರಿ ಹದಿನೇಳು ಕಡೆಗೆ ಹೋಗಿದೆ. ಎಷ್ಟು ಜನ ಅದನ್ನು ಮುಟ್ಟಿ, ಇದು ಇರೋದೇ ಎಂದುಕೊಂಡರೋ! ಹದಿನೇಳು ಕಾಗದ ತೆಗೆದುಕೊಂಡು ಕೂತಳು. ‘ಎಡಗಡೆಯ ಗಂಟು ನಮ್ಮ ಅಚ್ಚಿನ ತಪ್ಪು, ದಯವಿಟ್ಟು ಉಜ್ಜಿ ತೆಗೆಯಿರಿ’ ಎಂದು ಬರೆದಳು. ಮಂಚದ ಮೇಲೆ ಒರಗಿದ್ದ ಗಂಡ ಅದನ್ನು ಓದಿಸಿ ಕೇಳಿದ.

“ಅಷ್ಟೇ ಬರೆದ್ರೆ ಸಾಲದು,” ಎಂದ.

“ಮತ್ತಿನ್ನೇನು?”

ಅವನು ಗೋಡೆಯ ಕಡೆ ನೋಡುತ್ತಲೇ ಹೇಳಿದ: “ಈ ಗಂಟು ನನ್ನ ಮೈಯಲ್ಲಿ ನಿಜವಾಗ್ಲೂ ಇತ್ತು, ಮಾದರಿ ನಂಬಿ ಎಂಟು ತಿಂಗಳು ಸುಮ್ಮನಿದ್ದೆ, ಈಗ ಒಂದು ವೃಷಣ ತೆಗೆಸಿಕೊಂಡು ಚೆನ್ನಾಗಿದ್ದೀನಿ ಅಂತ ಬರಿ. ನಿಮಗ್ಯಾರಿಗಾದ್ರೂ ಇದ್ರೆ ಕಾಯಬೇಡಿ ಅಂತ ಬರಿ. ಕೆಳಗೆ ನಾನೇ ಸಹಿ ಹಾಕ್ತೀನಿ.”

ಹದಿನೇಳಕ್ಕೂ ಸಹಿ ಹಾಕಿದ. ಬೀದಿಯ ಬಾಯಿಗೆ ಬೀಗ ಹಾಕುವವರಾರು, ಸುದ್ದಿ ತಿರುಗಿ ಬಂದೇ ಬರುತ್ತದೆಂದು ಅವನಿಗೂ ಗೊತ್ತಿತ್ತು.

ತಿಂಗಳೊಳಗೆ ಒಂಬತ್ತು ಉತ್ತರ ಬಂದವು. ಎಂಟರಲ್ಲಿ, ‘ಮಾದರಿ ಸರಿಪಡಿಸಿಕೊಂಡಿದ್ದೇವೆ, ವಂದನೆಗಳು’ ಎಂಬ ಒಂದೇ ಸಾಲು, ಕೆಳಗೆ ಕಚೇರಿಯ ಮೊಹರು. ಒಂಬತ್ತನೆಯದು ಗೆರೆಹಾಕಿದ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಪೆನ್ಸಿಲಿನ ಅಕ್ಷರ. ಕಾಲೇಜಿನಲ್ಲಿ ಮಾದರಿಗಳ ಧೂಳು ಒರೆಸುವವನೆಂದು ಬರೆದುಕೊಂಡಿದ್ದ, ಹೆಸರಿರಲಿಲ್ಲ. ಮಾದರಿಯ ವಿಷಯವೇ ಅದರಲ್ಲಿರಲಿಲ್ಲ.

‘ನೀವು ತೋರಿಸಿದ್ದು ಯಾವ ಡಾಕ್ಟರಿಗೆ? ಅವರ ವಿಳಾಸ ಬೇಗ ಕಳಿಸಿ.’