ಹುಳುಮನೆಯ ನೆಲದ ಶಾಖ

ಕಳೆದ ಮಾಗಿಯಲ್ಲಿ ನಮ್ಮ ಸೊಸೆಯ ಮೇಲೆ ಹೊರಿಸಿದ ಅಪವಾದವನ್ನು ನೆನೆದರೆ, ಬೆಳಗಿನ ಜಪಕ್ಕೆ ಕುಳಿತಾಗಲೂ ನನ್ನ ಮನಸ್ಸು ಕುದಿಯುತ್ತದೆ. ಕೋಪ ಜಪಕ್ಕೆ ಶತ್ರುವೆಂದು ಪಾಠಶಾಲೆಯಲ್ಲಿ ಗುರುಗಳು ಕಲಿಸಿದ್ದರು. ಆದರೂ ಈ ಕೋಪವನ್ನು ಬಿಡಲು ನನಗೆ ಮನಸ್ಸಿಲ್ಲ.

ಸಿಂಧಘಟ್ಟದ ಬಳಿಯ ನಮ್ಮ ಜಮೀನಿನಲ್ಲಿ ಸೊಸೆ ಚಾಕಿ ಕೇಂದ್ರ ನಡೆಸುತ್ತಾಳೆ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡನೆಯ ಜ್ವರ ಕಳೆಯುವವರೆಗೆ ಸಾಕಿ, ಆಮೇಲೆ ಸುತ್ತಲಿನ ರೈತರಿಗೆ ಒಪ್ಪಿಸುವುದು ಅವಳ ಕಸುಬು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕುಳಿತು ಹಳೆಯ ಚರ್ಮವನ್ನು ಕಳಚುವ ಅವಸ್ಥೆ. ಕಂಡಾಗಲೆಲ್ಲ ಕೈಮುಗಿಯಬೇಕೆನಿಸುತ್ತದೆ. ಹಿಪ್ಪುನೇರಳೆ ತೋಟ ನನ್ನ ಮಗನದು, ರೈತರೊಡನೆ ವ್ಯವಹಾರ ನನ್ನ ತಮ್ಮನದು, ಹುಳುಮನೆ ಮಾತ್ರ ಪೂರ್ತಿಯಾಗಿ ಅವಳದು.

ಹಿಂದೆ ಚಳಿಗಾಲದಲ್ಲಿ ಒಳಗೆ ಕೆಂಡದ ಬಾಣಲೆ ಇಡುತ್ತಿದ್ದೆವು. ಹೊಗೆಗೆ ಹುಳು ಬಾಡುತ್ತಿತ್ತು, ಸೊಸೆ ಕೆಮ್ಮುತ್ತಿದ್ದಳು. ಅವಳೇ ಹಟ ಹಿಡಿದು ನೆಲದಡಿ ಬಿಸಿನೀರಿನ ಪೈಪು ಹಾಕಿಸಿದಳು. ಮೂಡಲ ಕೋಣೆಗೊಂದು, ಪಡುವಲ ಕೋಣೆಗೊಂದು ವಾಲ್ವು. ಕೋಣೆಯ ಗೋಡೆಯಲ್ಲಿರುವ ಥರ್ಮೋಸ್ಟಾಟಿನ ಗುಂಡಿ ತಿರುಗಿಸಿ ಎಷ್ಟು ಶಾಖ ಬೇಕೆಂದು ಹೇಳಿದರೆ, ವೈರಿನ ಮೂಲಕ ಆ ಕೋಣೆಯ ವಾಲ್ವು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಎರಡು ಕೋಣೆಯಲ್ಲೂ ಒಂದೇ ವಯಸ್ಸಿನ ಹುಳುವಿದ್ದಷ್ಟು ಕಾಲ ಎಲ್ಲವೂ ಚೆನ್ನಾಗಿತ್ತು.

ಆ ಮಾಗಿಯಲ್ಲಿ ಅವಳು ಮೊದಲ ಬಾರಿಗೆ ಎರಡು ವಯಸ್ಸಿನ ಹುಳು ಇಟ್ಟಳು. ಪಡುವಲ ಕೋಣೆಯವು ಜ್ವರಕ್ಕೆ ಕುಳಿತಾಗ ಅಲ್ಲಿ ಶಾಖ ತಗ್ಗಿಸಿದಳು; ಮೂಡಲ ಕೋಣೆಯ ಎಳೆಯ ಹುಳುಗಳಿಗೆ ಏರಿಸಿದಳು. ಆದದ್ದು ವಿಪರೀತ. ಪಡುವಲದ ನೆಲ ಕಾವಲಿಯಂತಾಯಿತು, ಮೂಡಲದ್ದು ತಣ್ಣಗಾಯಿತು. ಜ್ವರ ಬಿಟ್ಟ ಹುಳು ಒಂದೇ ಸಮ ಏಳಲಿಲ್ಲ; ಎಳೆಯವು ಸೊಪ್ಪು ಮುಟ್ಟಲಿಲ್ಲ. ಹುಳು ಕೊಂಡ ಶೀಳನೆರೆ ಕಡೆಯ ರೈತರು ತಮ್ಮನನ್ನು ತರಾಟೆಗೆ ತೆಗೆದುಕೊಂಡರು.

ಪೈಪು ಹಾಕಿದ ಕಂಪನಿಯ ಮನುಷ್ಯ ಬಂದ. ಬೂಟು ಬಿಚ್ಚಿ ಎಂದರೆ "ಎರಡೇ ನಿಮಿಷ ಸರ್" ಎನ್ನುತ್ತ, ನಾವೆಲ್ಲ ಬರಿಗಾಲಲ್ಲಿ ಕಾಲಿಡುವ ಕೋಣೆಗೆ ರಸ್ತೆಯ ಧೂಳನ್ನು ಹೊತ್ತು ನುಗ್ಗಿದ. ಎರಡು ಗುಂಡಿಗಳನ್ನೂ ಒಟ್ಟಿಗೆ ಏರಿಸಿದ. ಎರಡು ವಾಲ್ವುಗಳೂ ತೆರೆದುಕೊಂಡವು.

"ನೋಡಿ ಸರ್, ಎಲ್ಲಾ ಕರೆಕ್ಟಾಗಿದೆ. ಮೇಡಂ ಸುಮ್ನೆ ಸುಮ್ನೆ ಗುಂಡಿ ತಿರುಗಿಸ್ತಾ ಇರ್ತಾರೆ ಅನ್ಸುತ್ತೆ."

ಅವನ ಗಾಡಿ ಬೀದಿ ದಾಟುವ ಮೊದಲೇ ತಮ್ಮ ಜಗುಲಿಗೆ ಬಂದ.

"ಅಣ್ಣಯ್ಯ, ಮಿಷನ್ನು ಸರ್ಯಾಗೇ ಅದಂತೆ. ಅಂಗಾದ್ರೆ ಇನ್ನೇನು? ಮುಟ್ಟಿನ ಮೂರ್ ದಿನಾನೂ ಅವ್ಳು ಒಳೀಕೋಯ್ತಾಳೆ. ಮೈಲಿಗೆ ತಾಕದೆ ಇದ್ದಾತಾ? ಹಿರೀಕ ನೀನು, ಒಂದ್ ಮಾತ್ ಹೇಳ್ಬುಡು. ಹುಳಿನ್ ಮನೆ ಬುಟ್ಟು ಒಲೆ ಮುಂದೆ ಇರ್ಲಿ. ಒಂದ್ ಶಾಂತಿನೂ ಮಾಡುಸ್ಬುಡನ."

"ಈ ಮಾತನ್ನು ಇನ್ನಾರಿಗಾದರೂ ಹೇಳಿದ್ದೀಯಾ?" ಎಂದೆ.

"ಡೈರಿತಾವ ಕೇಳುದ್ರು. ಹೇಳ್ದೆ."

ನನ್ನ ಮೈ ಉರಿಯಿತು. ಆಚಾರವನ್ನು ಬಿಟ್ಟವನಲ್ಲ ನಾನು. ದೇವರ ಮನೆಯ ಕಟ್ಟಳೆಗಳನ್ನು ಇಂದಿಗೂ ಪಾಲಿಸುತ್ತೇನೆ. ಆದರೆ ಹಾಲು ಅಳೆಯುವಲ್ಲಿ ನಿಂತು ಮನೆಯ ಹೆಣ್ಣಿನ ಮೈಯ ವಿಚಾರ ಆಡಿ, ಅದಕ್ಕೆ ನನ್ನ ಮಂತ್ರದ ಮುದ್ರೆಯನ್ನೂ ಕೇಳುವುದೆ? ತರ್ಕವನ್ನು ಓದಿದವನು ನಾನು. ಆ ಮೂರು ದಿನಗಳು ಪ್ರತಿ ತಿಂಗಳೂ ಬಂದಿವೆ, ಅವಳು ಪ್ರತಿ ತಿಂಗಳೂ ಒಳಗೆ ಹೋಗಿದ್ದಾಳೆ, ಹುಳು ಕೆಟ್ಟದ್ದು ಈ ಬಾರಿ ಮಾತ್ರ. ಕಾರಣವಿದ್ದೂ ಕಾರ್ಯ ಹುಟ್ಟದಿದ್ದರೆ ಅದು ಕಾರಣವೇ ಅಲ್ಲ. ಇದನ್ನೇ ಹೇಳಿದೆ. ಅವನು, "ನಿನ್ ಸಂಸ್ಕೃತ ಹುಳಕ್ಕೆ ಗೊತ್ತಾದಾ?" ಎಂದು ಎದ್ದುಹೋದ.

ಸೊಸೆ ಬಾಗಿಲ ಮರೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳಲಿಲ್ಲ.

"ಮಾವ, ನಂಗೊಂದು ಅನುಮಾನ. ಪಡುವಲದ್ದು ತಗ್ಸುದ್ರೆ ಮೂಡಲದ ನೆಲ ತಣ್ಗಾಯ್ತದೆ. ಬರಿಗಾಲ್ಗೆ ಗೊತ್ತಾಯ್ತದೆ. ಹೇಳುದ್ರೆ ಚಿಕ್ ಮಾವ ನಗ್ತಾರೆ."

"ನಾನು ನಗುವುದಿಲ್ಲ, ನಡೆಯಮ್ಮ" ಎಂದೆ.

ಒಂದು ಇದ್ದಾಗ ಇನ್ನೊಂದು ಇರಬೇಕು, ಅದಿಲ್ಲದಾಗ ಇದೂ ಇರಬಾರದು; ಅನ್ವಯ ಮತ್ತು ವ್ಯತಿರೇಕ ಎಂದು ನಾವು ಓದಿದ್ದು ಇದನ್ನೇ. ಎರಡನ್ನೂ ಒಟ್ಟಿಗೆ ಏರಿಸಿ ನೋಡುವವನಿಗೆ ಯಾವುದು ಯಾವುದರಿಂದ ಎಂಬುದು ಹೇಗೆ ತಿಳಿದೀತು? ನಾವು ಎರಡು ಗುಂಡಿಗಳನ್ನೂ ಪೂರ್ತಿ ಇಳಿಸಿ, ವಾಲ್ವಿನಿಂದ ನೆಲದೊಳಗೆ ಇಳಿಯುವ ಪೈಪುಗಳು ಆರುವವರೆಗೆ ಕಾದೆವು. ಬಳಿಕ ಅವಳು ಮೂಡಲದ್ದನ್ನು ಮಾತ್ರ ಏರಿಸಿ ಬಂದಳು. ನಾನು ಮೂಡಲದ ಪೈಪನ್ನು ಹಿಡಿದೆ. ಅದು ತಣ್ಣಗೇ ಇತ್ತು. ಅವಳು ಪಡುವಲದ್ದನ್ನು ಹಿಡಿದಳು.

"ಅಯ್ಯೋ ಮಾವ, ಸುಡ್ತಾ ಅದೆ!"

ತಿರುಗುಮುರುಗು ಮಾಡಿದೆವು. ಪಡುವಲದ ಗುಂಡಿಗೆ ಮೂಡಲದ ಪೈಪು ಬಿಸಿಯಾಯಿತು. ಒಂದು ಕೋಣೆಯ ವೈರು ಇನ್ನೊಂದರ ವಾಲ್ವಿಗೆ ಹೋಗಿತ್ತು. ಎರಡಕ್ಕೂ ಒಂದೇ ಶಾಖ ಬೇಕಿದ್ದಾಗ ಅದು ತಿಳಿಯುವಂತಿರಲಿಲ್ಲ. ಈಗ ಮೂಡಲದ ಚಳಿಯನ್ನು ಕಂಡು ಅಲ್ಲಿನ ಥರ್ಮೋಸ್ಟಾಟು ಶಾಖ ಕೇಳುತ್ತಲೇ ಇತ್ತು. ಅದು ಕೇಳಿದ್ದೆಲ್ಲ ಜ್ವರಕ್ಕೆ ಕುಳಿತ ಬಡಪಾಯಿ ಹುಳುಗಳ ಅಡಿಗೆ ಹರಿದಿತ್ತು.

ಕಂಪನಿಯವನು ಮರಳಿ ಬಂದು ವಾಲ್ವುಗಳ ಪಕ್ಕದ ವೈರಿನ ಪೆಟ್ಟಿಗೆ ಬಿಚ್ಚಿ, ಎರಡು ವೈರುಗಳ ಜಾಗ ಬದಲಿಸಿದ. "ಸಣ್ಣ ವಿಷಯ ಸರ್, ಅದಲುಬದಲಾಗಿತ್ತು" ಎಂದ. ಸಣ್ಣ ವಿಷಯ! ಅವಳ ಕಡೆಗೆ ತಿರುಗಿಯೂ ನೋಡಲಿಲ್ಲ.

ತಮ್ಮ ಪೈಪು ಮುಟ್ಟಿ ನೋಡಿ, ತಲೆ ಕೆರೆದುಕೊಂಡ. "ಸರಿ ಬುಡು, ಹುಳಿನ್ ಮನೆ ಅವ್ಳೇ ನೋಡ್ಕಳ್ಲಿ. ಆಯ್ತಲ್ಲ."

"ಆಗಲಿಲ್ಲ. ಡೈರಿಯಲ್ಲಿ ಆಡಿದ ಮಾತನ್ನು ಡೈರಿಯಲ್ಲೇ ಹಿಂತೆಗೆದುಕೋ."

ಸಂಜೆ ಹಾಲು ಹಾಕುವ ಹೊತ್ತಿಗೆ ನಾನೂ ಅವನೊಡನೆ ಹೋದೆ. ಅವನು ಕ್ಯಾನು ಇಳಿಸುತ್ತ, "ವೈರು ಅದಲ್ ಬದಲ್ ಆಗಿತ್ತಂತೆ ಕಣ್ರಲಾ" ಎಂದು ಗೊಣಗಿದ. ಅವಳ ಮಾತನ್ನೇ ಎತ್ತಲಿಲ್ಲ. ಹಾಗಾಗಿ ನಾನು ಎತ್ತಬೇಕಾಯಿತು. ಪರರ ಮುಂದೆ ಜನ್ಮದಲ್ಲಿ ಆಡದ ಮಾತನ್ನು ಅಷ್ಟು ಗಂಡಸರ ನಡುವೆ ನಿಂತು ಆಡಿದೆ.

"ನಮ್ಮ ಸೊಸೆಯ ಮುಟ್ಟಿನಿಂದ ಹುಳು ಕೆಟ್ಟವೆಂದು ಇಲ್ಲಿ ಹೇಳಿದ್ದು ಸುಳ್ಳು. ಕೆಟ್ಟದ್ದು ವೈರಿನಿಂದ. ಅದನ್ನು ಕಂಡುಹಿಡಿದವಳು ಅವಳು."

ಹಿರಿಯ ರೈತನೊಬ್ಬ ಮುಖ ಕಿವುಚಿದ. "ಬುಡಿ ಸ್ವಾಮಿ, ತಮ್ಮಂಥೋರ ಬಾಯಲ್ಲಿ ಅದ್ಯಾಕೆ ಆ ಮಾತು?"

"ಹೇಳುವಾಗ ನಾಚಿಕೆಯಾಗಲಿಲ್ಲ, ತಿದ್ದುವಾಗ ನಾಚಿಕೆಯೇ?"

ಹಾಲು ಅಳೆಯುವವನು ಮುಂದಿನ ಕ್ಯಾನನ್ನು ಎಳೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಅದೇ ರೈತ, ಬೇರೆಲ್ಲೋ ನೋಡುತ್ತ, "ಬರೋ ಬೆಳೆಗೆ ನಮ್ಗೂ ಹುಳ ಮಡ್ಗೋಕ್ ಹೇಳಿ ಆಯಮ್ಮಂಗೆ" ಎಂದ. ತಮ್ಮ ತಲೆ ತಗ್ಗಿಸಿ ಖಾಲಿ ಕ್ಯಾನು ತೊಳೆಯುತ್ತಿದ್ದ. ಹುಳು ಕೊಡುವುದೋ ಬಿಡುವುದೋ ಅವಳಿಗೆ ಸೇರಿದ್ದು, ಮನೆಗೆ ಬಂದು ಅವಳನ್ನೇ ಕೇಳಿಕೊಳ್ಳಿ ಎಂದು ಹೇಳಿ ನಾನು ಹೊರಟೆ.